ಅಪ್ಪನನ್ನು ಬೈದು ಹಾಡುವ ಸುಖ

ನಮ್ಮ ಮಂಡ್ಯ ಸೀಮೆಯ ಹಾಡುಗಳಲ್ಲಿ ಅವ್ವನಿಗೆ ಬರವಿಲ್ಲ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳು ಹಡೆದವ್ವನನ್ನು ನೆನೆದಳು, ಹಬ್ಬಕ್ಕೆ ಕರೆಯಲು ಬಾರದ ಅಣ್ಣನನ್ನು ದೂರಿದಳು, ತವರಿನ ಹಿತ್ತಿಲನ್ನೂ ಹಟ್ಟಿಯನ್ನೂ ಹರಸಿದಳು. ಅಪ್ಪ ಮಾತ್ರ ಈ ಪದಗಳಲ್ಲಿ ಹೆಚ್ಚಾಗಿ ಜಗಲಿಯ ಆಚೆಯೇ ಉಳಿದುಬಿಟ್ಟ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದಾಗಲೂ ಅಪ್ಪನಿಗಿಂತ ಮಾವನಿಗೇ ಹೆಚ್ಚು ಮರ್ಯಾದೆ ಸಿಕ್ಕಿತು. ಗಂಡುಮಕ್ಕಳು ಅಪ್ಪನನ್ನು ಕುರಿತು ಹಾಡಬೇಕೆಂದರೆ ನಾಲಿಗೆ ಏಳುವುದಿಲ್ಲ. ಎದುರು ಕೂತು ಉಣ್ಣುವುದೇ ಕಷ್ಟವಾದ ಮನೆಗಳಲ್ಲಿ ಎದುರು ನಿಂತು ಹಾಡುವುದೆಲ್ಲಿ ಬಂತು?

ಆದರೂ ಈ ಸೀಮೆಯ ಗಂಡಸರು ಎದೆ ತುಂಬಿ ಹಾಡುವ ಅಪ್ಪ-ಮಗನ ಹಾಡೊಂದಿದೆ. ಅದು ಜಗಳದ ಹಾಡು.

ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆಯ ಪಕ್ಕದಲ್ಲಿ ಹೇಮಗಿರಿ. ಕೆಳಗೆ ಹೇಮಾವತಿ, ಹೊಳೆಗೆ ಅಡ್ಡಲಾಗಿ ಅಣೆಕಟ್ಟೆ, ಮೇಲೆ ಬೆಟ್ಟದಲ್ಲಿ ಕಲ್ಯಾಣ ವೆಂಕಟರಮಣಸ್ವಾಮಿ. ರಥಸಪ್ತಮಿಗೆ ತೇರು, ಅದರ ಆಸುಪಾಸಿನಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳ ಕೊಂಬಿಗೆ ಎಣ್ಣೆ ಸವರಿ, ಹಲ್ಲು ಎಣಿಸಿ, ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಜನ ಸಂಜೆಯಾದರೆ ಹಾಡಿಗೆ ಕಿವಿ ಕೊಡುತ್ತಾರೆ. ಇಂಥ ಜಾತ್ರೆಯ ಮೈಕಿನಲ್ಲಿ, ಊರ ಹಬ್ಬದ ಆರ್ಕೆಸ್ಟ್ರಾದಲ್ಲಿ, ರಾಜ್ಯೋತ್ಸವದ ಶಾಲಾ ವೇದಿಕೆಯಲ್ಲಿ, ಪೌರಾಣಿಕ ನಾಟಕದ ನಡುವೆ ಎಲ್ಲಿ ಬೇಕಾದರೂ ಅದು ಬರಬಹುದು. 1977ರ ‘ಬಬ್ರುವಾಹನ’ ಚಿತ್ರದಲ್ಲಿ ರಣರಂಗದ ನಡುವೆ ಅರ್ಜುನನೂ ಮಗ ಬಬ್ರುವಾಹನನೂ ಎದುರುಬದುರು ನಿಂತು ಬೈದಾಡುವ ಹಾಡು ಅದು. ಮೊದಲ ಪದ ಬಾಯಿಂದ ಹೊರಟರೆ ಸಾಕು, ಉಳಿದದ್ದನ್ನು ಕೂತವರೇ ಮುಗಿಸಿಕೊಡುತ್ತಾರೆ. ಅದಕ್ಕೇ ಇಲ್ಲಿ ಸಾಲುಗಳನ್ನು ಬರೆಯುವ ಅಗತ್ಯವಿಲ್ಲ.

ಈ ಹಾಡಿನ ಸವಿ ಮೊದಲು ಅದರ ಬೈಗುಳದಲ್ಲಿದೆ. ಮಗ ಶುರುಮಾಡುವುದೇ ಹೊಗಳಿಕೆಯ ಧಾಟಿಯಲ್ಲಿ. ನಿನ್ನ ಶೌರ್ಯ ಯಾರಿಗೆ ಗೊತ್ತಿಲ್ಲ ಎಂದು ತಲೆಬಾಗಿದವನಂತೆ ಎತ್ತಿಕೊಂಡು, ಸಾಲು ಮುಗಿಯುವಷ್ಟರಲ್ಲಿ ಆ ಶೌರ್ಯವನ್ನು ಮಣ್ಣಿಗೆ ಎಳೆದಿರುತ್ತಾನೆ. ನಿಂದಾಸ್ತುತಿ ಎಂಬ ನಮ್ಮ ಹಳೆಯ ವಿದ್ಯೆ ಇದು. ದೇವರ ಮುಂದೆ ಭಕ್ತ ಬಳಸಿದ್ದನ್ನು ಇಲ್ಲಿ ಮಗ ಅಪ್ಪನ ಮುಂದೆ ಬಳಸುತ್ತಾನೆ. ಆಮೇಲೆ ಒಂದೊಂದೇ ಗಾಯವನ್ನು ಕೆದಕುತ್ತಾನೆ. ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈಹಾಕಿದಾಗ ಸುಮ್ಮನೆ ಕೂತಿದ್ದೆಯಲ್ಲ ಎನ್ನುತ್ತಾನೆ. ವಿರಾಟನ ಅರಮನೆಯಲ್ಲಿ ಗೆಜ್ಜೆ ಕಟ್ಟಿದ್ದನ್ನು ಎತ್ತಿ ಆಡುತ್ತಾನೆ. ಆ ಗೆಜ್ಜೆಯ ಮಾತು ಬಂದಾಗ ತಬಲದವನಿಗೆ ಹಬ್ಬ. ಹಾಡುಗಾರ ಕೈಯಾಡಿಸಿ ದಾರಿ ಬಿಟ್ಟುಕೊಡುತ್ತಾನೆ, ತಬಲ ಒಂದು ಗಳಿಗೆ ತಾನೇ ಬೈಯುತ್ತದೆ. ಅಪ್ಪನೂ ಸುಮ್ಮನಿರುವ ಆಳಲ್ಲ. ಹುಡುಗನ ಬಾಯಿ ಮುಚ್ಚಿಸಲು ದನಿಯನ್ನು ಕೆಳಗಿಳಿಸಿ ಗದರುತ್ತಾನೆ, ಮಗ ಮೇಲಿನ ಷಡ್ಜದಿಂದ ಹಿಂತಿರುಗಿಸುತ್ತಾನೆ.

ಬೈಗುಳವನ್ನು ಇನ್ನೂ ಹತ್ತಿರದಿಂದ ಕೇಳಿ. ಮಗ ಎಸೆಯುವ ಒಂದೊಂದು ಮೂದಲಿಕೆಯೂ ಅಪ್ಪನ ಬದುಕಿನ ಒಂದೊಂದು ಪುಟ. ಹಸ್ತಿನಾವತಿಯ ಸಭೆ ಮಗ ಬೆಳೆದ ಮಣಿಪುರಕ್ಕೆ ಎಷ್ಟು ದೂರ? ವಿರಾಟನಗರದ ಅಜ್ಞಾತವಾಸ ಅಪ್ಪನ ಮುಖ ನೋಡದೆ ಬೆಳೆದ ಹುಡುಗನಿಗೆ ಯಾಕೆ ಬೇಕಿತ್ತು? ಎಲ್ಲೋ ದೂರದಲ್ಲಿ ನಡೆದದ್ದನ್ನೆಲ್ಲ ಇವನು ಬಿಡದೆ ಕೇಳಿ ತಿಳಿದುಕೊಂಡಿದ್ದಾನೆ. ಬಂದ ವರ್ತಕರನ್ನು ಕೇಳಿದನೋ, ಅವ್ವನನ್ನೇ ಕಾಡಿದನೋ, ಅಂತೂ ಅಪ್ಪನ ಗೆಲುವು, ಸೋಲು, ನಾಚಿಕೆ ಎಲ್ಲವೂ ಬಾಯಿಪಾಠ. ಅಪ್ಪನಿಗೋ ಮಗನ ಬಗ್ಗೆ ಒಂದು ಸುದ್ದಿಯೂ ತಿಳಿದಿಲ್ಲ. ಬೈಯಲಿಕ್ಕೂ ಅವನ ಹತ್ತಿರ ಸರಕಿಲ್ಲ, ತನ್ನ ಬಿಲ್ಲಿನ ಬಡಾಯಿಯನ್ನೇ ತಿರುಗಿಸಿ ಮುರುಗಿಸಿ ಹೇಳಬೇಕು. ಒಬ್ಬನಿಗೆ ಎಲ್ಲ ಗೊತ್ತು, ಇನ್ನೊಬ್ಬನಿಗೆ ಏನೂ ಗೊತ್ತಿಲ್ಲ. ಕಾದು ಕೂತವನು ಯಾರು, ಮರೆತು ತಿರುಗಿದವನು ಯಾರು ಎಂಬುದು ಈ ಏರುಪೇರಿನಲ್ಲೇ ಬಯಲಾಗುತ್ತದೆ. ಇಷ್ಟು ಪ್ರೀತಿಯನ್ನು ಒಂದೇ ಒಂದು ಮೆದುಮಾತಿಲ್ಲದೆ ತುಂಬಿಟ್ಟ ಹಾಡು ಕನ್ನಡದಲ್ಲಿ ಇನ್ನೊಂದು ಇದೆಯೇ ಎಂದು ನನಗೆ ಅನುಮಾನ.

ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಟಿ.ಜಿ. ಲಿಂಗಪ್ಪನವರ ಸಂಗೀತ. ಅಪ್ಪ-ಮಗ ಎರಡೂ ಪಾತ್ರಗಳಲ್ಲಿ ರಾಜ್‌ಕುಮಾರ್. ತೆರೆಯ ಮೇಲೆ ಮುಖ ಒಂದೇ, ಕೇಳುವ ಕಂಠ ಎರಡು. ಒಂದು ರಾಜ್ ಅವರದೇ, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಹುಕಾಲದಿಂದಲೂ ತೆರೆಯ ಮೇಲಿನ ರಾಜ್‌ಕುಮಾರ್ ಬಾಯಿ ತೆರೆದರೆ ಕೇಳುತ್ತಿದ್ದದ್ದು ಬಹುಪಾಲು ಪಿಬಿಎಸ್ ದನಿ. ಅಲ್ಲೊಂದು ಇಲ್ಲೊಂದು ಹಾಡಿದ್ದನ್ನು ಬಿಟ್ಟರೆ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡಲು ತೊಡಗಿದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. ಮೂರು ವರ್ಷ ಕಳೆದು ಬಂದ ಈ ಹಾಡಿನಲ್ಲಿ ಅವರ ಹಳೆಯ ದನಿಯೂ ಹೊಸ ದನಿಯೂ ತೊಡೆ ತಟ್ಟಿ ಎದುರಾದವು. ಇಷ್ಟು ದಿನ ಇನ್ನೊಬ್ಬರ ಗಂಟಲಿನಲ್ಲಿ ಬೆಳೆದವನು ಈಗ ಸ್ವಂತ ಗಂಟಲಿನಿಂದ ಆ ಗಂಟಲಿಗೇ ಸವಾಲು ಹಾಕುತ್ತಿದ್ದಾನೆ. ಹಾಗೆಂದು ಯಾರೂ ಲೆಕ್ಕ ಹಾಕಿ ಮಾಡಿಸಿರಲಿಕ್ಕಿಲ್ಲ. ಆದರೆ ಕಿವಿ ಒಪ್ಪುವುದು ಇಂಥದ್ದನ್ನೇ. ಪಿಬಿಎಸ್ ದನಿ ಎಷ್ಟು ಗಡುಸಾಗಲು ಹೋದರೂ ಅಂಚಿನಲ್ಲಿ ಮೃದುವೇ, ರಾಜ್ ದನಿ ಕಂಪನಿ ನಾಟಕದ ಕಂಚು. ಎರಡೂ ಉಜ್ಜಿದಾಗ ಕಿಡಿ ಹಾರುತ್ತದೆ.

ಕಂಪನಿ ನಾಟಕ ಎಂದೆ. ರಾಜ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯಲ್ಲಿ ರಾವಣ, ಹಿರಣ್ಯಕಶಿಪುವಿನಂಥ ಆರ್ಭಟದ ಪಾತ್ರಗಳಿಗೆ ಹೆಸರಾದವರು. 1954ರಲ್ಲಿ ‘ಬೇಡರ ಕಣ್ಣಪ್ಪ’ದೊಂದಿಗೆ ಮಗ ನಾಯಕನಾದದ್ದನ್ನು ನೋಡಲು ಅವರು ಉಳಿದಿರಲಿಲ್ಲ. ತಮ್ಮ ತಂದೆಯ ಮುಂದೆ ತಾವು ಏನೇನೂ ಅಲ್ಲ ಎಂದು ರಾಜ್ ಹೇಳಿಕೊಳ್ಳುತ್ತಿದ್ದದ್ದು ಕನ್ನಡಿಗರಿಗೆ ಗೊತ್ತು. ಗದೆ, ಕಿರೀಟ, ಹುರಿಮೀಸೆ, ಮಾತಿನ ಕೊನೆಯಲ್ಲಿ ತಲೆ ಕೊಡವುವ ಠೀವಿ ಎಲ್ಲವೂ ಮಗನಿಗೆ ಅಲ್ಲಿಂದ ಬಂದದ್ದು. ‘ಬಬ್ರುವಾಹನ’ದಲ್ಲಿ ಅವರು ಅರ್ಜುನನಾಗಿ ಗರ್ಜಿಸುವಾಗ ಯಾರ ಗರ್ಜನೆ ಅವರ ನೆನಪಿನಲ್ಲಿತ್ತೋ ಕೇಳಿದವರಿಲ್ಲ. ತೀರಿಹೋದ ಅಪ್ಪನನ್ನು ಮಗ ಮತ್ತೆ ಕಾಣುವುದಕ್ಕೆ ಅಪ್ಪನ ವೇಷವನ್ನೇ ತೊಡುವುದಕ್ಕಿಂತ ಬೇರೆ ದಾರಿ ಯಾವುದು?

ಇನ್ನು ಕಥೆ. ವನವಾಸದ ತಿರುಗಾಟದಲ್ಲಿ ಅರ್ಜುನ ಮಣಿಪುರಕ್ಕೆ ಬಂದ. ಚಿತ್ರಾಂಗದೆಯನ್ನು ಕೇಳಿದ. ಅವಳ ಅಪ್ಪ ಚಿತ್ರವಾಹನ ಒಂದು ಷರತ್ತು ಹಾಕಿದ, ಹುಟ್ಟುವ ಮಗು ತನ್ನ ಮನೆಗೇ ಸೇರಬೇಕು ಎಂದ. ಅರ್ಜುನ ಒಪ್ಪಿದ, ಮೂರು ವರ್ಷ ಇದ್ದ, ಹೊರಟ. ಅಪ್ಪ ಇಲ್ಲದಿರುವುದು ಮದುವೆಯ ಮಾತುಕತೆಯಲ್ಲೇ ಗೊತ್ತಾಗಿತ್ತು. ಕಾಲ ಕಳೆದು ಅಶ್ವಮೇಧದ ಕುದುರೆಯ ಹಿಂದೆ ಬಂದ ಅಪ್ಪನನ್ನು ಮಗ ಕಾಣಿಕೆ ಹಿಡಿದು, ಕೈಮುಗಿದು ಎದುರುಗೊಂಡ. ಅರ್ಜುನನಿಗೆ ಸಿಟ್ಟು ಬಂತು. ಕ್ಷತ್ರಿಯನಾದವನು ಕುದುರೆ ಕಟ್ಟಿ ಯುದ್ಧ ಕೊಡುವುದನ್ನು ಬಿಟ್ಟು ಹೆಂಗಸಿನ ಹಾಗೆ ಆರತಿ ಹಿಡಿದು ಬಂದೆಯಾ ಎಂದು ಹಂಗಿಸಿದ. ನಮ್ಮ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದಲ್ಲಂತೂ ಕಾಲಿಗೆ ಬಿದ್ದ ಮಗನನ್ನು ಅರ್ಜುನ ಒದೆಯುತ್ತಾನೆ, ಹುಟ್ಟನ್ನೇ ಹಳಿಯುತ್ತಾನೆ. ಅಲ್ಲಿಂದ ಆಚೆಗೆ ಮಗನ ಕೈಗೆ ಬಿಲ್ಲು ಬರುತ್ತದೆ. ಸಿನಿಮಾದ ಹಾಡು ಹುಟ್ಟುವುದು ಸರಿಯಾಗಿ ಈ ಸಂದಿಯಲ್ಲಿ. ಮುಗಿದ ಕೈ ಬಿಲ್ಲಿಗೆ ಹೋಗುವ ನಡುವೆ ಬಾಯಿಗೆ ಸಿಕ್ಕ ಅವಕಾಶ ಅದು.

ನಾಗಮಂಗಲದ ಕಡೆಗೆ ಹೋದರೆ ಅರ್ಜುನನಿಗೆ ಇನ್ನೊಂದು ರೂಪ. ಆ ತಾಲ್ಲೂಕಿನ ಆದಿಚುಂಚನಗಿರಿ ನಾಥಪರಂಪರೆಯ ಜೋಗಿಗಳ ನೆಲೆ. ಜೋಗಿಗಳಲ್ಲಿ ಕಿನ್ನರಿ ಹಿಡಿದವರು ಅರ್ಜುನನನ್ನೇ ತಮ್ಮ ಮೂಲಪುರುಷನೆನ್ನುತ್ತಾರೆ. ಅವರ ಪಾಲಿಗೆ ಆತ ಗಾಂಡೀವಿಯಲ್ಲ, ಅರ್ಜುನ ಜೋಗಿ. ಬಿದಿರಿನ ದಂಡಿಗೆ ಮೂರು ಸೋರೆಬುರುಡೆ ಕಟ್ಟಿ, ತಂತಿ ಬಿಗಿದು, ಎದೆಗಾನಿಸಿಕೊಂಡು ನುಡಿಸುವ ಕಿನ್ನರಿಯೊಂದಿಗೆ ಆತ ಊರೂರು ಅಲೆದ, ಆ ನಾದಕ್ಕೆ ಹೆಣ್ಣುಗಳು ಮನೆ ಮರೆತರು ಎಂದು ಅವರ ಹಾಡು ಹೇಳುತ್ತದೆ. ಅಲ್ಲಿಗೆ ಲೆಕ್ಕ ಸರಿಹೋಯಿತು. ಮಗ ಅಷ್ಟು ವರ್ಷ ಕಾದದ್ದು ಒಬ್ಬ ಅಲೆಮಾರಿ ಹಾಡುಗಾರನಿಗಾಗಿ. ಅಪ್ಪ ಎಲ್ಲಿ ಎಂದರೆ ಇನ್ನೊಬ್ಬರ ಜಗಲಿಯ ಮೇಲೆ ಹಾಡುತ್ತಿದ್ದಾನೆ. ಕಿನ್ನರಿಯ ದನಿ ಸಣ್ಣದು, ಜಾತ್ರೆಯ ಗದ್ದಲದಲ್ಲಿ ಅದು ನಿಲ್ಲುವುದಿಲ್ಲ. ಹೊಸ್ತಿಲ ಬಳಿ ಕೂತು ಕೇಳಬೇಕಾದ ವಾದ್ಯ. ಈಗ ಅದನ್ನು ಕೇಳಲು ಎಷ್ಟೋ ಊರು ತಿರುಗಬೇಕು. ಇದೇ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ್ದು ಇಂಥ ದನಿಗಳು ಕೈತಪ್ಪಿ ಹೋಗಬಾರದೆಂದೇ.

ಊರೂರು ಅಲೆಯುವ ಜೋಗಿ ಕಡಿಮೆಯಾದ, ಹಾಡುವ ಹುಚ್ಚು ಕಡಿಮೆಯಾಗಲಿಲ್ಲ. ಮಂಡ್ಯ ಸೀಮೆಯ ಪೌರಾಣಿಕ ನಾಟಕಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ‘ಕುರುಕ್ಷೇತ್ರ’ ಕಲಿಯುತ್ತಿದ್ದಾರೆ ಎಂದರೆ ತಿಂಗಳುಗಟ್ಟಲೆ ರಾತ್ರಿ ಊರಿನ ರಾಮಮಂದಿರದಲ್ಲಿ ಹಾರ್ಮೋನಿಯಂ ಕೇಳುತ್ತದೆ. ಹಗಲು ಕಬ್ಬಿಗೆ ನೀರು ಹಾಯಿಸಿದವನು, ಆಟೋ ಓಡಿಸಿದವನು, ಡೇರಿಯಲ್ಲಿ ಹಾಲು ಅಳೆದವನು ರಾತ್ರಿ ಮೇಷ್ಟ್ರ ಮುಂದೆ ಕೂತು ಒಂದು ಕಂದಪದ್ಯವನ್ನು ಗಂಟಲಿಗೆ ಇಳಿಸಿಕೊಳ್ಳುತ್ತಾನೆ. ಇಲ್ಲಿ ನಟನಿಗೆ ಸಂಬಳವಿಲ್ಲ, ಪಾತ್ರಕ್ಕೆ ಅವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನ ಎಂದರೆ ದುಬಾರಿ. ಸೀನರಿ, ಡ್ರೆಸ್ಸು, ಮೈಕು, ಮೇಷ್ಟ್ರ ಕಾಣಿಕೆ, ಮೇಲೆ ತನ್ನದೇ ಫೋಟೊ ಇರುವ ಫ್ಲೆಕ್ಸು. ಹೆಂಡತಿಯ ಒಡವೆ ಮಾರ್ವಾಡಿ ಅಂಗಡಿಗೆ ಹೋಗಿ ಬಂದರೂ ಆಶ್ಚರ್ಯವಿಲ್ಲ. ಇಷ್ಟೆಲ್ಲ ಒಂದು ರಾತ್ರಿ ಹಾಡುವುದಕ್ಕೆ, ಸಿಕ್ಕರೆ ಒಂದು ‘ಒನ್ಸ್ ಮೋರ್’ಗೆ.

ಆ ರಾತ್ರಿ ಅವನನ್ನು ಹತ್ತಿರದಿಂದ ನೋಡಬೇಕು. ಕಾಲುಹಾರ್ಮೋನಿಯಂನವರು ಶ್ರುತಿಯನ್ನು ಅವನ ಶಕ್ತಿಗಿಂತ ಅರ್ಧ ಮನೆ ಮೇಲಿಟ್ಟಿರುತ್ತಾರೆ. ಬಣ್ಣದ ಕೆಳಗೆ ಕತ್ತಿನ ನರ ಉಬ್ಬುತ್ತದೆ. ಸಾಲಿನ ಕೊನೆಯಲ್ಲಿ ಆಲಾಪ ಎಳೆಯಲು ಅವನು ಒಂದು ಕೈಯನ್ನು ಕಿವಿಯ ಹತ್ತಿರ ಒಯ್ದು, ಇನ್ನೊಂದರಲ್ಲಿ ಗದೆಯನ್ನೂರಿ, ಕಣ್ಣು ಮುಚ್ಚುತ್ತಾನೆ. ಪರದೆಯ ಹಿಂದೆ ಪ್ರಾಂಪ್ಟರ್ ಮುಂದಿನ ಪದವನ್ನು ಎರಡು ಸಲ ಪಿಸುಗುಟ್ಟಿದರೂ ಕೇಳಿಸುವುದಿಲ್ಲ. ಸ್ವರ ಒಂದಿಷ್ಟು ಜಾರುತ್ತದೆ, ಮೇಷ್ಟ್ರು ಹಾರ್ಮೋನಿಯಂನಲ್ಲಿ ಅದನ್ನು ಹಿಡಿದು ಮೇಲಕ್ಕೆತ್ತುತ್ತಾರೆ. ಆ ಎತ್ತುವಿಕೆಯನ್ನು ಗುರುತಿಸಿದವನಿಗೆ ನಾಟಕದ ಅರ್ಧ ರಸ ದಕ್ಕಿತು. ಅಪ್ಪ ಮಾಡದಿದ್ದ ಕೆಲಸವನ್ನು ಆ ಗಳಿಗೆಯಲ್ಲಿ ಮೇಷ್ಟ್ರು ಮಾಡುತ್ತಾರೆ, ಬೀಳುವ ಮುಂಚೆ ಹಿಡಿಯುತ್ತಾರೆ.

ಅಪ್ಪನಿಲ್ಲದ ಇನ್ನೊಬ್ಬ ಮಗ ಈ ನಾಟಕದಲ್ಲೇ ಇದ್ದಾನೆ. ಕರ್ಣನ ಪಾತ್ರಧಾರಿ ಹಾಡಲು ನಿಂತರೆ ಬೀಡಿ ಸೇದಲು ಎದ್ದವರೂ ಕೂರುತ್ತಾರೆ. ಹೇಮಗಿರಿಯ ತೇರು ಎಳೆಯುವ ರಥಸಪ್ತಮಿ ಆ ಕರ್ಣನ ಅಪ್ಪನ ಹಬ್ಬ. ದಿನಾ ಬೆಳಗ್ಗೆ ಕಣ್ಣೆದುರಿಗೇ ಬರುವ ಅಪ್ಪ, ಎಂದೂ ಮನೆಗೆ ಬಾರದ ಅಪ್ಪ. ಇಂದ್ರ ಕವಚಕುಂಡಲ ಬೇಡಲು ಬರುತ್ತಾನೆ, ಕೊಡಬೇಡ ಎಂದು ಕನಸಿನಲ್ಲಿ ಬಂದು ಎಚ್ಚರಿಸಿದ. ಅಷ್ಟು ತಡವಾಗಿ ಬಂದ ಬುದ್ಧಿಮಾತನ್ನು ಮಗ ಕೇಳಲಿಲ್ಲ, ಕೊಟ್ಟೇಬಿಟ್ಟ. ಸೂರ್ಯ ಮಗನನ್ನು ಒಮ್ಮೆಯೂ ಗದರಲಿಲ್ಲ, ಕರ್ಣನೂ ಅಪ್ಪನನ್ನು ಒಮ್ಮೆಯೂ ಬೈಯಲಿಲ್ಲ. ಮೆದುವಾದ ಈ ಸಂಬಂಧ ಇಬ್ಬರನ್ನೂ ಹತ್ತಿರ ತರದೆ ಹಾಗೇ ಮುಗಿಯಿತು. ಒರಟಾಗಿ ಶುರುವಾದ ಬಬ್ರುವಾಹನನ ಸಂಬಂಧವೇ ಕೊನೆಗೆ ಅಪ್ಪುಗೆಗೆ ಬಂತು. ಕರ್ಣನ ಹಾಡಿಗೆ ನಮ್ಮ ಜನ ಕಣ್ಣೊರೆಸಿಕೊಳ್ಳುತ್ತಾರೆ, ಬಬ್ರುವಾಹನನ ಹಾಡಿಗೆ ಶಿಳ್ಳೆ ಹೊಡೆಯುತ್ತಾರೆ. ಶಿಳ್ಳೆ ಹೊಡೆಯುವವರಿಗೆ ಒಳಗೊಳಗೇ ಗೊತ್ತು: ಬೈಯಲಿಕ್ಕಾದರೂ ಅಪ್ಪ ಎದುರು ನಿಂತನಲ್ಲ!

ಈ ರಸ ನಮ್ಮ ಸೀಮೆಗೆ ಮಾತ್ರ ಮೀಸಲಲ್ಲ. ಅಮೆರಿಕದ ಹಳ್ಳಿಗಾಡಿನ ಹಾಡುಗಾರಿಕೆಯಲ್ಲಿ ದೊಡ್ಡ ಹೆಸರಾದ ಜಾನಿ ಕ್ಯಾಶ್ 1969ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನ ಕೈದಿಗಳ ಮುಂದೆ ಹಾಡಿದ ‘ಎ ಬಾಯ್ ನೇಮ್ಡ್ ಸೂ’ ಇಂಥದ್ದೇ ಕಥೆ. ಬರೆದವರು ಶೆಲ್ ಸಿಲ್ವರ್‌ಸ್ಟೀನ್. ಅಪ್ಪ ಮಗನಿಗೆ ಹೆಣ್ಣಿನ ಹೆಸರಿಟ್ಟು, ಮೂರು ವರ್ಷಕ್ಕೇ ಬಿಟ್ಟು ಹೋಗುತ್ತಾನೆ. ಆ ಹೆಸರಿನಿಂದಾಗಿ ಹೋದಲ್ಲೆಲ್ಲ ನಗೆಪಾಟಲಾಗಿ, ಹೊಡೆದಾಡುತ್ತಲೇ ಬೆಳೆದ ಮಗ ಅಪ್ಪನನ್ನು ಕೊಲ್ಲುವ ಶಪಥ ತೊಟ್ಟು ಊರೂರು ಹುಡುಕುತ್ತಾನೆ. ಕೊನೆಗೊಂದು ಸಾರಾಯಿ ಅಂಗಡಿಯಲ್ಲಿ ಸಿಕ್ಕಿದವನೊಂದಿಗೆ ಕೆಸರಲ್ಲಿ ಹೊರಳಾಡಿ ಬಡಿದಾಡುತ್ತಾನೆ. ಆಗ ಅಪ್ಪ ಹೇಳುತ್ತಾನೆ: ನಾನು ಜತೆಗಿರುವುದಿಲ್ಲವೆಂದು ಗೊತ್ತಿತ್ತು, ನೀನು ಗಟ್ಟಿಯಾಗಲೆಂದೇ ಆ ಹೆಸರಿಟ್ಟೆ. ಮಗನ ಕೈಯ ಕೋವಿ ಕೆಳಗಿಳಿಯುತ್ತದೆ. ಹಾಡು ಕ್ಯಾಶ್‌ಗೆ ಇನ್ನೂ ಬಾಯಿಗೆ ಬಂದಿರಲಿಲ್ಲ, ಹಾಳೆ ನೋಡಿಕೊಂಡೇ ಹಾಡಿದರು. ಕೈದಿಗಳು ನಕ್ಕ ನಗು ಆ ಮುದ್ರಿಕೆಯಲ್ಲಿ ಹಾಗೇ ಉಳಿದಿದೆ. ಅಪ್ಪಂದಿರು ಬಿಟ್ಟುಹೋದವರೂ ಮಕ್ಕಳನ್ನು ಬಿಟ್ಟುಬಂದವರೂ ಆ ಸಭೆಯಲ್ಲಿ ಇದ್ದೇ ಇದ್ದಿರಬೇಕು. ಮಣಿಪುರದಲ್ಲಿ ಅರ್ಜುನ ಹಂಗಿಸಿದ್ದಕ್ಕೂ ಆ ಅಪ್ಪ ಇಟ್ಟ ಹೆಸರಿಗೂ ವಾದ ಒಂದೇ. ಅವಮಾನವನ್ನೇ ಆಸ್ತಿಯಾಗಿ ಬಿಟ್ಟುಹೋಗುವ ಅಪ್ಪಂದಿರ ವಾದ ಅದು, ಒಪ್ಪುವಂಥದ್ದೇನೂ ಅಲ್ಲ. ಆದರೆ ಮಗ ತನ್ನ ಬಲವನ್ನು ತೋರಿಸಿದ ಮೇಲೆಯೇ ಅಪ್ಪನ ಬಾಯಿಂದ ಅದು ಹೊರಬರುತ್ತದೆ ಎಂಬುದನ್ನು ಎರಡೂ ಹಾಡು ಬಲ್ಲವು.

ವ್ಯಾಸಭಾರತದ ಅಶ್ವಮೇಧ ಪರ್ವದಲ್ಲಿ ಇದಾದ ಮೇಲೂ ಒಂದು ಪ್ರಸಂಗವಿದೆ. ಮಗನ ಬಾಣಕ್ಕೆ ಅಪ್ಪ ಬೀಳುತ್ತಾನೆ, ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿ ಕೊಟ್ಟ ಮಣಿಯನ್ನು ಮಗ ಅವನ ಎದೆಯ ಮೇಲಿಡುತ್ತಾನೆ. ನಿದ್ದೆಯಿಂದೆದ್ದವನಂತೆ ಕಣ್ಣುಜ್ಜಿಕೊಂಡು ಎದ್ದ ಅರ್ಜುನ ಮಗನನ್ನು ಅಪ್ಪಿ ತಲೆ ಮೂಸುತ್ತಾನೆ. ಸಿನಿಮಾಕ್ಕಾದರೂ ನಾಟಕಕ್ಕಾದರೂ ಮಂಗಳ ಹಾಡಲು ಇಷ್ಟು ಸಾಕು. ಮೂಲದಲ್ಲಿ ಮಗ ಇನ್ನೊಂದು ಮಾತು ಕೇಳುತ್ತಾನೆ. ಇದು ನಿನ್ನದೇ ಊರು, ಇವತ್ತೊಂದು ರಾತ್ರಿ ಮನೆಯಲ್ಲಿ ಉಳಿದು ನಾಳೆ ಹೋಗು ಎನ್ನುತ್ತಾನೆ. ಅರ್ಜುನ ನಗುತ್ತಾನೆ. ಕುದುರೆ ಹೋದಲ್ಲಿ ಹೋಗುವ ದೀಕ್ಷೆಯಲ್ಲಿದ್ದೇನೆ, ಉಳಿಯುವಂತಿಲ್ಲ, ಯಜ್ಞಕ್ಕೆ ನಿನ್ನ ತಾಯಂದಿರನ್ನು ಕರೆದುಕೊಂಡು ಬಾ ಎಂದು ಹೊರಟುಬಿಡುತ್ತಾನೆ.

ಆ ಒಂದು ರಾತ್ರಿಯ ಬೇಡಿಕೆಗೆ ನಾನು ಕೇಳಿದ ಯಾವ ಆಟದಲ್ಲೂ ಹಾಡಿಲ್ಲ. ರಣರಂಗದಲ್ಲಿ ಅಷ್ಟು ಬಾಯಿ ಮಾಡಿದ ಹುಡುಗ ಇಲ್ಲಿ ಬೇಡುತ್ತಿದ್ದಾನೆ, ಅಷ್ಟು ಗದರಿದ ಅಪ್ಪ ಇಲ್ಲಿ ನಗುತ್ತಾ ಜಾರಿಕೊಳ್ಳುತ್ತಿದ್ದಾನೆ. ಜಗಳಕ್ಕೆ ಮೇಲಿನ ಷಡ್ಜ ಸಾಕಾಗುತ್ತದೆ, ಇದಕ್ಕೆ ಮಂದ್ರ ಬೇಕು, ಎರಡೂ ಗಂಟಲು ಒಂದೇ ಶ್ರುತಿಗೆ ಇಳಿಯಬೇಕು. ಹೇಮಾವತಿ ದಂಡೆಯ ಯಾವುದಾದರೂ ಊರಿನ ಮೇಷ್ಟ್ರು ಇದಕ್ಕೊಂದು ಮಟ್ಟು ಕೂರಿಸಲಿ. ಕೃಷ್ಣನ ಪಾತ್ರಕ್ಕೆ ಕಟ್ಟಲು ದುಡ್ಡಿಲ್ಲದ, ಆದರೆ ದನಿ ಇರುವ ಹುಡುಗನೊಬ್ಬನಿಗೆ ಅದನ್ನು ಕೊಡಲಿ. ಒನ್ಸ್ ಮೋರ್ ಬರುತ್ತದೋ ಇಲ್ಲವೋ ಹೇಳಲಾರೆ. ಆಟ ಮುಗಿಸಿ ಮನೆಗೆ ಹೋದ ನಾಲ್ಕು ಜನ ಅಪ್ಪಂದಿರು ಮಾರನೆಯ ದಿನ ಮಕ್ಕಳಿಗೆ ಫೋನ್ ಮಾಡಿದರೆ ಅದೇ ದೊಡ್ಡ ಸನ್ಮಾನ.